ಡ್ರಮ್ಮಿನ ಎಣ್ಣೆ, ಬಾಟಲಿಯ ಎಣ್ಣೆ

ಪ್ರೀತಿಯ ಭಾವ,

ನಮಸ್ಕಾರ, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ಸುದ್ದಿ. ಎಂಟು ಗಂಟೆ ಹನ್ನೊಂದು ನಿಮಿಷ! ನಿಮ್ಮ ಲಾಂಚು ನಿಲ್ಲುವ ಜೆಟ್ಟಿಯ ಶೆಡ್ಡಿನಲ್ಲಿ, ಬಿಸಿಲು ಬೀಳುವ ಆ ಕಿಟಕಿಯ ಪಕ್ಕದಲ್ಲೇ ಏಳು ತಿಂಗಳು ಕೂತಿದ್ದ ಮೀನೆಣ್ಣೆ ಡೀಸೆಲ್ಲು ಮೊನ್ನೆ ನಮ್ಮ ಮಿಷನ್ನಿನಲ್ಲಿ ಎಂಟು ಗಂಟೆ ಹನ್ನೊಂದು ನಿಮಿಷ ತಾಳಿಕೊಂಡಿತು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದವಳು ಸಂಜೆ ನಾಲ್ಕರವರೆಗೆ ಆ ಪರದೆಯ ಮುಂದಿನಿಂದ ಏಳಲಿಲ್ಲ. ಊಟದ ಡಬ್ಬಿ ಬಿಚ್ಚಲಿಲ್ಲ. ನಾಲ್ಕು ದಾಟಿತು, ಗೆರೆ ಇನ್ನೂ ಮಲಗಿಯೇ ಇತ್ತು. ನಾಲ್ಕು ಹತ್ತಾಯಿತು, ಆಗಲೂ ಮಲಗಿತ್ತು. ನಾಲ್ಕು ಹನ್ನೊಂದಕ್ಕೆ ನಿಧಾನವಾಗಿ ಮೇಲಕ್ಕೇಳತೊಡಗಿತು, ಅಂದರೆ ಎಣ್ಣೆ ಆಗಷ್ಟೇ ಕೆಡಲು ಶುರು. ನಮಗೆ ಹಾಕಿಕೊಟ್ಟ ಗಡಿ ಎಂಟು ಗಂಟೆ. ಹನ್ನೊಂದು ನಿಮಿಷ ಜಾಸ್ತಿ, ಭಾವ! ನಾನು ಎದ್ದು ನಿಂತು ಒಂದು ಸುತ್ತು ಕುಣಿದೆ. ನಮ್ಮಲ್ಲಿ ಬಾಟಲಿ ತೊಳೆಯುವ ಅಜ್ಜಿ ಬಾಗಿಲಲ್ಲಿ ಇಣುಕಿ ನೋಡಿ, ಏನೂ ಕೇಳದೆ, ಬಾಗಿಲು ಎಳೆದುಕೊಂಡು ಹೋದರು.

ಇದನ್ನು ಎದುರಿಗೇ ಹೇಳಬಹುದಿತ್ತಲ್ಲ, ಎರಡು ಬೀದಿ ಆಚೆ ಇರುವವಳು ಪತ್ರ ಯಾಕೆ ಬರೆಯುತ್ತಾಳೆ ಅಂತ ನೀವು ಹುಬ್ಬು ಗಂಟಿಕ್ಕುತ್ತಿರಬೇಕು. ಹೇಳಲು ಮೂರು ಸಲ ಬಂದಿದ್ದೆ. ಮೂರು ಸಲವೂ ನಾನು ಬಾಯಿ ತೆಗೆಯುವ ಹೊತ್ತಿಗೆ ನೀವು 'ಊಟ ಆಯ್ತೇನೇ?' ಅಂತ ಮಾತು ತಿರುಗಿಸಿದಿರಿ. ಮೂರನೇ ಸಲ ನಾನು ಊಟ ಮಾಡುತ್ತಲೇ ಇದ್ದೆ, ಆಗಲೂ ಅದನ್ನೇ ಕೇಳಿದಿರಿ. ನಿಮಗೆ ಆ ಸಂಗತಿ ಬೇಡ, ಗೊತ್ತು. ಆದರೆ ಈ ಸಲ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಪತ್ರವನ್ನು ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಕೊನೆಯ ಸಾಲಿನವರೆಗೆ ಓದಿ ಮುಗಿಸುವ ತನಕ ಬಾಗಿಲಲ್ಲೇ ನಿಂತಿರು ಅಂತ ಅವಳಿಗೆ ತಾಕೀತು ಮಾಡಿದ್ದೇನೆ.

ನಿಮ್ಮ ಮದುವೆಯಾದ ಹೊಸತು ನೆನಪಿದೆಯೇ? ನಾನಾಗ ಏಳನೇ ಕ್ಲಾಸು. ಹೊಸ ಭಾವ ಲಾಂಚು ಓಡಿಸುತ್ತಾರಂತೆ ಅಂತ ಕೇಳಿದ್ದೇ ತಡ, ನಿಮ್ಮ ತಲೆ ತಿನ್ನಲು ಶುರು ಮಾಡಿದ್ದೆ. ಇಂಜಿನ್ನಿಗೆ ಬೆಂಕಿ ಕಡ್ಡಿ ಯಾರು ಗೀರುತ್ತಾರೆ, ನೀರಿನೊಳಗೆ ಅದು ಹೇಗೆ ಆರುವುದಿಲ್ಲ, ಡೀಸೆಲ್ಲು ಯಾಕೆ ಕಮಟು ವಾಸನೆ, ಒಂದೇ ಎರಡೇ. ಬೇರೆ ಯಾರಾದರೂ ಆಗಿದ್ದರೆ ಗದರಿ ಕಳಿಸುತ್ತಿದ್ದರು. ನೀವು ಒಂದು ಹಳೇ ಪಂಪನ್ನು ಮನೆಗೇ ಹೊತ್ತು ತಂದು, ನಡುಮನೆಯಲ್ಲಿ ಪೇಪರು ಹಾಸಿ, ಒಂದೊಂದೇ ತಿರುಪು ಬಿಚ್ಚಿ ನನ್ನ ಮುಂದೆ ಸಾಲಾಗಿ ಇಟ್ಟಿರಿ. ಪೇಪರು ದಾಟಿ ಎಣ್ಣೆ ಅಕ್ಕನ ಹೊಸ ಚಾಪೆಗೆ ಇಳಿಯಿತು. ಅಕ್ಕ ಎರಡು ದಿನ ನಿಮ್ಮ ಜೊತೆ ಮಾತು ಬಿಟ್ಟಳು. ಅವತ್ತೇ ನನಗೆ ಗಿರಗಿಟ್ಲೆ ಅಂತ ಹೆಸರಿಟ್ಟಿರಿ, ನಿಂತಲ್ಲಿ ನಿಲ್ಲುವುದಿಲ್ಲ ಅಂತ. ನಾನು ರಸಾಯನಶಾಸ್ತ್ರ ಓದಿದ್ದು, ಈ ಮೀನಿನ ಕಾರ್ಖಾನೆಯ ಪ್ರಯೋಗಶಾಲೆಗೆ ಸೇರಿದ್ದು, ಎಲ್ಲದರ ಬುಡ ಹುಡುಕಿದರೆ ಆ ಹಾಳಾದ ಚಾಪೆಯಲ್ಲಿದೆ.

ಕಾರ್ಖಾನೆಯಲ್ಲಿ ದಿನಕ್ಕೆ ಎಷ್ಟು ಮೀನಿನ ತಲೆ, ಕರುಳು, ಚರ್ಮ ಬೀಳುತ್ತಿತ್ತು ಅಂತ ನಿಮಗೆ ಗೊತ್ತು. ಮೊದಲೆಲ್ಲ ಅದನ್ನು ಚರಂಡಿಗೆ ತಳ್ಳುತ್ತಿದ್ದರು, ಬೀದಿಯಲ್ಲಿ ನಡೆಯುವವರು ಮೂಗು ಮುಚ್ಚಿಕೊಂಡು ನಮಗೆ ಶಾಪ ಹಾಕುತ್ತಿದ್ದರು. ಆ ಕಸವನ್ನು ಬೇಯಿಸಿ ಎಣ್ಣೆ ತೆಗೆದು, ಅದರಿಂದ ಬಯೋಡೀಸೆಲ್ ಮಾಡುತ್ತೇನೆ ಅಂತ ನಾನು ಹೊರಟಾಗ ಬೆನ್ನು ತಟ್ಟಿದವರು ಒಬ್ಬರೂ ಇಲ್ಲ. ಕಾರ್ಖಾನೆಯ ಮ್ಯಾನೇಜರು ಹಿತ್ತಲಲ್ಲಿ ಒಂದು ಶೆಡ್ಡು, ಮೀನು ಕತ್ತರಿಸುವ ಸಾಲಿನಿಂದ ಹನ್ನೊಂದು ಹೆಂಗಸರನ್ನು ಕೊಟ್ಟು, ಏನು ಬೇಕಾದರೂ ಮಾಡಿಕೋ ಅಂದರು. ಎಣ್ಣೆಯೇನೋ ಬಂತು, ಬಂಗಾರದ ಬಣ್ಣದ್ದು. ಆದರೆ ಅದನ್ನು ಇಂಜಿನ್ನಿಗೆ ಹಾಕುವವರು ಯಾರು? ಟ್ರಾಕ್ಟರಿನವನು ನಕ್ಕ. ಜನರೇಟರಿನವನು ಬಾಗಿಲು ಹಾಕಿಕೊಂಡ. ನೀವು ಮಾತ್ರ ಒಂದು ಕ್ಯಾನು ಎತ್ತಿ, ಮುಚ್ಚಳ ತೆಗೆದು ಮೂಸಿ, ಇಷ್ಟೇ ಹೇಳಿದಿರಿ: "ನಮ್ಮ ಹುಡುಗಿ ಮಾಡಿದ್ದು. ಹಾಕಿ ನೋಡೋಣ."

ಬಂದರು ಕಚೇರಿಯ ಒಪ್ಪಿಗೆ ತಂದವರೂ ನೀವೇ. ಮಾಮೂಲು ಡೀಸೆಲ್ಲು ನಾಲ್ಕು ಕ್ಯಾನು, ನಮ್ಮದು ಒಂದು. ಐದು ತಿಂಗಳು ಲಾಂಚು ಗಲಾಟೆಯಿಲ್ಲದೆ ಆಚೆ ದಡಕ್ಕೂ ಈಚೆ ದಡಕ್ಕೂ ಓಡಾಡಿತು. ಹೊಗೆ ಕಡಿಮೆ ಅಂತ ಜನ ಮೆಚ್ಚಿಕೊಂಡರು. ನನಗೆ ನೆಲ ಕಾಣುತ್ತಿರಲಿಲ್ಲ ಬಿಡಿ, ಅಷ್ಟು ಜಂಭ. ಇನ್ನೂರು ಲೀಟರಿನ ಡ್ರಮ್ಮನ್ನು ಜೆಟ್ಟಿಯ ಶೆಡ್ಡಿನಲ್ಲಿ ಕಿಟಕಿಯ ಹತ್ತಿರ ಇಡಿಸಿದವಳು ನಾನು, ತುಂಬಿಸಿಕೊಳ್ಳಲು ಬೆಳಕಿರಲಿ ಅಂತ. ಪ್ಲಾಸ್ಟಿಕ್ಕಿನ ನಲ್ಲಿ ತೊಟ್ಟಿಕ್ಕುತ್ತದೆ ಅಂತ ಕಿತ್ತು ಹಾಕಿ, ಹಿತ್ತಾಳೆಯ ನಲ್ಲಿ ಕೂರಿಸಿದವಳೂ ನಾನೇ. ಡ್ರಮ್ಮಿನ ಮೇಲೆ ದಪ್ಪ ಅಕ್ಷರದಲ್ಲಿ 'ಆರು ತಿಂಗಳು ಕೆಡುವುದಿಲ್ಲ' ಅಂತ ಚೀಟಿ ಅಂಟಿಸಿ, ಕೆಳಗೆ ಸಹಿ ಬೇರೆ ಹಾಕಿದ್ದೆ.

ಐದನೇ ತಿಂಗಳ ಕೊನೆಗೆ ನೀವು ಫೋನು ಮಾಡಿದಿರಿ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. "ಡ್ರಮ್ಮಿನ ವಾಸನೆ ಬದಲಾಗಿದೆ ಕಣೇ. ಹಳೇ ಪೇಂಟಿನ ಡಬ್ಬಿ ತೆಗೆದ ಹಾಗಿದೆ. ಒಂದ್ಸಲ ನೋಡ್ತೀಯಾ?"

ನಾನು ನೋಡಿದೆ. ಏನು ನೋಡಿದೆ ಅಂತ ಕೇಳಿ. ನಮ್ಮಲ್ಲಿ ಒಂದು ಪದ್ಧತಿ ಇದೆ, ಪ್ರತಿ ಸಲ ಎಣ್ಣೆ ತಯಾರಾದಾಗ ಅದರಲ್ಲಿ ಒಂದಿಷ್ಟನ್ನು ಕಂದು ಗಾಜಿನ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ, ಮುಚ್ಚಳ ಬಿಗಿದು, ಫ್ರಿಜ್ಜಿನಲ್ಲಿಟ್ಟು ಕಾಪಾಡುವುದು. ಪಾಲಿನ ಬಾಟಲಿ ಅಂತ ಅದಕ್ಕೆ ಹೆಸರು. ತಿಂಗಳು ತಿಂಗಳೂ ಅದರಿಂದಲೇ ನಾಲ್ಕು ಹನಿ ತೆಗೆದು ಪರೀಕ್ಷೆ ಮಾಡುತ್ತಿದ್ದೆ. ಅವತ್ತೂ ಅದನ್ನೇ ಮಿಷನ್ನಿಗೆ ಇಟ್ಟೆ. ಆ ಮಿಷನ್ನು ಹೇಗೆ ಅಂತ ಒಮ್ಮೆ ತೋರಿಸಿದ್ದೆನಲ್ಲ: ಎಣ್ಣೆಯನ್ನು ಕುದಿಯುವ ನೀರಿಗಿಂತ ಬಿಸಿಯಾಗಿಟ್ಟು ಬುಳುಬುಳು ಗಾಳಿ ಊದುತ್ತಾ ಹೋಗುವುದು, ಅದು ಎಷ್ಟು ಹೊತ್ತು ಕೆಡದೆ ತಾಳುತ್ತದೋ ಅದೇ ಅದರ ತಾಕತ್ತು. ಒಂಬತ್ತು ಗಂಟೆ ಇಪ್ಪತ್ತು ನಿಮಿಷ ಬಂತು. ನಾನು ನಿಮಗೆ ಫೋನು ಮಾಡಿ ನಗುತ್ತಾ ಹೇಳಿದೆ, "ಭಾವ, ನಿಮ್ಮ ಮೂಗನ್ನ ರಿಪೇರಿಗೆ ಕಳಿಸಿ. ನನ್ನ ಎಣ್ಣೆ ಗಟ್ಟಿಮುಟ್ಟಾಗಿದೆ."

ನೀವು, ಸರಿ ತಾಯಿ, ಓದಿದವಳು ನೀನು ಅಂದು ಫೋನಿಟ್ಟಿರಿ. ಡ್ರಮ್ಮಿನಿಂದ ಒಂದು ಕ್ಯಾನು ತುಂಬಿಕೊಂಡು ಟ್ಯಾಂಕಿಗೆ ಸುರಿದಿರಿ. ನಿಮ್ಮ ಮೂಗು ಬೇಡ ಅಂದಿತ್ತು, ನನ್ನ ಮಾತಿಗೆ ಸುರಿದಿರಿ.

ಮರುದಿನ ಬೆಳಿಗ್ಗೆ ಎರಡನೇ ಸರದಿಯಲ್ಲಿ, ಮೂವತ್ತೊಂದು ಜನರನ್ನು ಕೂರಿಸಿಕೊಂಡು ಹೋದ ಲಾಂಚು ನಡುನೀರಿನಲ್ಲಿ ಕೆಮ್ಮಿ ನಿಂತಿತು. ನಾನು ದಡದಲ್ಲಿದ್ದೆ ಭಾವ, ಕಂಡೆ. ಸೆಳೆತಕ್ಕೆ ಲಾಂಚು ಅಡ್ಡ ತಿರುಗಿ ಅಲೆತಡೆಯ ಬಂಡೆಗಳ ಕಡೆಗೆ ಜಾರತೊಡಗಿತ್ತು. ನೀವು ಲಂಗರು ಬಿಟ್ಟದ್ದು, ಎದ್ದು ನಿಂತವರನ್ನೆಲ್ಲ ಕೈಸನ್ನೆಯಲ್ಲೇ ಕೂರಿಸಿದ್ದು ದಡದಿಂದ ಕಾಣುತ್ತಿತ್ತು. ನೀವು ಏನೋ ತಮಾಷೆ ಹೇಳಿ ನಗಿಸಿದಿರಂತೆ, ಆಮೇಲೆ ಒಬ್ಬ ಹೆಂಗಸು ಹೇಳಿದರು. ಬಂಡೆಗೆ ಇನ್ನು ಇಪ್ಪತ್ತು ಮಾರು ಇರುವಾಗ ಲಂಗರು ಕಚ್ಚಿತು. ಮೀನಿನ ದೋಣಿಯೊಂದು ಬಂದು ಎಳೆದು ತರಲು ಮುಕ್ಕಾಲು ಗಂಟೆ ಹಿಡಿಯಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಇಂಜಿನ್ ಬಿಚ್ಚಿದರೆ ಫಿಲ್ಟರಿನ ತುಂಬ ಕಂದು ಅಂಟು.

ವಿಚಾರಣೆಯ ದಿನ ಬಂದರು ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ, ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತ. ನಾನು ಎರಡನೇ ಕುರ್ಚಿಯಲ್ಲಿ ಫೈಲು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಉತ್ತರ ನನಗೆ ಗೊತ್ತಿತ್ತು. ಲಾಂಚು ನಿಲ್ಲುವುದಕ್ಕೆ ಒಂಬತ್ತು ದಿನ ಮೊದಲು. ನೀವು ಬದಲಾಯಿಸುವಾಗ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತವಳು ನಾನೇ ಅಲ್ಲವೇ? ನೀವು ತಲೆ ಎತ್ತದೆ ಹೇಳಿದಿರಿ, "ಮರೆತುಬಿಟ್ಟೆ ಸಾರ್. ಎರಡು ಸಲ ಬದಲಾಯಿಸೋದು ತಪ್ಪಿ ಹೋಯ್ತು. ತಪ್ಪು ನಂದು."

ಲಾಂಚಿಗೆ ಬರುವವರೆಲ್ಲ ಗಡಿಯಾರದ ಡ್ರೈವರು ಅಂತ ಕರೆಯುವ ಮನುಷ್ಯ! ಇಪ್ಪತ್ತೆರಡು ವರ್ಷದಲ್ಲಿ ಒಂದು ಸರದಿ ತಡ ಮಾಡದ ಮನುಷ್ಯ! ನಾನು ಬಾಯಿ ತೆರೆದೆ. ನೀವು ನನ್ನ ಕಡೆ ನೋಡಿದಿರಿ. ಬಾಯಿ ಮುಚ್ಚಿಕೊಂಡೆ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ನೀವು ಚಪ್ಪಲಿಗೆ ಕಾಲು ತೂರಿಸುತ್ತಾ ಮೆಲ್ಲಗೆ ಅಂದಿರಿ, "ನಿನ್ನ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರಿದ್ದಾರೆ. ಇನ್ನೂ ವರ್ಷ ತುಂಬದ ಕೆಲಸ, ಮುಚ್ಚಿಸಿಬಿಡ್ತಾರೆ. ನನಗೇನು, ಟಿಕೆಟ್ ಹರಿಯೋಕೆ ಬರುತ್ತೆ."

ಅವತ್ತಿನಿಂದ ನೀವು ಟಿಕೆಟ್ ಕಿಟಕಿಯಲ್ಲಿ ಕೂತಿದ್ದೀರಿ, ನೀರಿಗೆ ಬೆನ್ನು ಹಾಕಿಕೊಂಡು. ನಾನು ದಿನಾ ಆ ದಾರಿಯಲ್ಲಿ ಹೋಗುವವಳು, ನಿಮಗೆ ಮುಖ ಕೊಡಲಾಗದೆ ಹಿಂದಿನ ಓಣಿ ಹಿಡಿದೆ. ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಒಂದು ದಾರಿ ಇತ್ತು. ನನ್ನ ಬಾಟಲಿ ಚೆನ್ನಾಗಿಯೇ ಇದೆಯಲ್ಲ, ಎಣ್ಣೆಯದೇನೂ ತಪ್ಪಿಲ್ಲ, ಶೆಡ್ಡಿನಲ್ಲಿ ಎಲ್ಲೋ ನೀರು ಸೇರಿರಬೇಕು. ಹೀಗೆ ಅಂದುಕೊಂಡರೆ ಅನ್ನ ಇಳಿಯುತ್ತಿತ್ತು.

ಆ ಸಮಾಧಾನವನ್ನು ಒಡೆದು ಹಾಕಿದ್ದು ಬಾಟಲಿ ತೊಳೆಯುವ ಅಜ್ಜಿ. ಒಂದು ದಿನ ನಾನು ಪಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು, ನೋಡಿ ಅಜ್ಜಿ, ಎಷ್ಟು ತಿಳಿಯಾಗಿದೆ, ಇದನ್ನು ಕುಡಿದು ಲಾಂಚು ನಿಲ್ಲುತ್ತದೆಯೇ ಅಂತ ಗೊಣಗುತ್ತಿದ್ದೆ. ಅವರು ಕೈ ಒರೆಸಿಕೊಂಡು ಹತ್ತಿರ ಬಂದರು. ಬಾಟಲಿಯನ್ನೂ ನನ್ನನ್ನೂ ನೋಡಿದರು. "ಅಲ್ಲಮ್ಮಾ, ಲಾಂಚು ಕುಡಿದಿದ್ದು ಈ ಬಾಟಲಿಯಿಂದಲಾ?"

ಭಾವ, ಓದಿದ್ದೆಲ್ಲ ಒಂದು ಕ್ಷಣ ಎಲ್ಲಿ ಹೋಯಿತೋ! ಐದು ತಿಂಗಳು ನಾನು ಫ್ರಿಜ್ಜಿನೊಳಗೆ ಬೆಚ್ಚಗೆ, ಅಲ್ಲ, ತಣ್ಣಗೆ ಸಾಕಿದ ಎಣ್ಣೆಯನ್ನು ಪರೀಕ್ಷೆ ಮಾಡಿ ಡ್ರಮ್ಮಿಗೆ ಸರ್ಟಿಫಿಕೇಟು ಕೊಡುತ್ತಾ ಬಂದಿದ್ದೆ. ಡ್ರಮ್ಮಿನಿಂದ ಒಂದು ಹನಿಯನ್ನೂ ತೆಗೆದು ನೋಡಿರಲಿಲ್ಲ. ಒಂದು ಹನಿ!

ಪ್ರಯೋಗಶಾಲೆಯ ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಜೆಟ್ಟಿಗೆ ಓಡಿದೆ. ದಾರಿಯಲ್ಲಿ ಜನ ನನ್ನನ್ನು ಆಸ್ಪತ್ರೆಯವಳು ಅಂದುಕೊಂಡು ಜಾಗ ಬಿಟ್ಟುಕೊಟ್ಟರು. ನೀವು ಕಿಟಕಿಯಿಂದ ನೋಡಿದಿರಿ, ನಾನು ನೋಡದವಳ ಹಾಗೆ ಶೆಡ್ಡಿಗೆ ನುಗ್ಗಿದೆ. ಡ್ರಮ್ಮು ಇದ್ದಲ್ಲೇ ಇತ್ತು, ತಳದಲ್ಲಿ ಒಂದು ಗೇಣು ಎಣ್ಣೆ ಉಳಿದಿತ್ತು. ಮುಚ್ಚಳ ತೆಗೆದೆ. ಹಳೇ ಪೇಂಟಿನ ಡಬ್ಬಿ! ನೀವು ಹೇಳಿದ್ದು ಅಕ್ಷರಶಃ ಅದೇ. ಒಂದು ಬಾಟಲಿ ತುಂಬಿಕೊಂಡು ಬಂದು ಮಿಷನ್ನಿಗೆ ಇಟ್ಟೆ. ಎಷ್ಟು ಹೊತ್ತು ತಾಳಿತು ಅಂತ ಊಹಿಸಿ. ಹನ್ನೆರಡು ನಿಮಿಷ. ಬಾಟಲಿಯದು ಒಂಬತ್ತು ಗಂಟೆ, ಡ್ರಮ್ಮಿನದು ಹನ್ನೆರಡು ನಿಮಿಷ. ಒಂದೇ ದಿನ ಹುಟ್ಟಿದ ಎಣ್ಣೆ.

ನಿಮ್ಮ ಹತ್ತಿರ ಮುಚ್ಚಿಡುವುದು ಏನಿದೆ, ಮೊದಲು ನನಗಾದದ್ದು ಖುಷಿ. ಗುಟ್ಟು ಸಿಕ್ಕಿತಲ್ಲ ಅಂತ ಚಪ್ಪಾಳೆಯನ್ನೇ ತಟ್ಟಿಬಿಟ್ಟೆ. ಎರಡನೇ ಚಪ್ಪಾಳೆಗೆ ಕೈ ಏಳಲಿಲ್ಲ. ಈ ಹನ್ನೆರಡು ನಿಮಿಷದ ಎಣ್ಣೆಯನ್ನು ನಂಬಿಸಿ ಮೂವತ್ತೊಂದು ಜನರ ಪ್ರಾಣವನ್ನು ನಿಮ್ಮ ಕೈಗೆ ಕೊಟ್ಟಿದ್ದೆ. ಕೈತೊಳೆಯುವ ಬೇಸಿನ್ನಿನ ಹತ್ತಿರ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಜ್ಜಿ ಬಂದು, ನೀರು ಹಾಳಾಗುತ್ತೆ ಅಂತ ನಲ್ಲಿ ನಿಲ್ಲಿಸಿ, ನನ್ನ ಬೆನ್ನ ಮೇಲೆ ಕೈಯಿಟ್ಟರು.

ಯಾಕೆ ಹಾಗಾಯಿತು ಅಂತ ಈಗ ನನಗೆ ಕರಾರುವಾಕ್ಕಾಗಿ ಗೊತ್ತು, ಕೇಳಿ. ಮೀನೆಣ್ಣೆ ಬಲು ಸೂಕ್ಷ್ಮ. ಹೆಚ್ಚಿದ ಸೇಬು ಗಾಳಿಗೆ ಕಪ್ಪಾಗುವ ಹಾಗೆ ಇದೂ ಗಾಳಿ ತಗುಲಿದರೆ ಕೆಡುತ್ತದೆ, ಹುಳಿಯಾಗುತ್ತದೆ, ಕೊನೆಗೆ ಅಂಟಾಗುತ್ತದೆ. ನೀವು ಆಗಾಗ ಒಂದೊಂದು ಕ್ಯಾನು ತೆಗೆದ ಹಾಗೆ ಡ್ರಮ್ಮಿನಲ್ಲಿ ಎಣ್ಣೆ ಇಳಿಯುತ್ತಾ ಗಾಳಿ ತುಂಬುತ್ತಾ ಹೋಯಿತು. ಕಿಟಕಿಯ ಬಿಸಿಲು ಅದನ್ನು ಕಾಯಿಸಿತು. ಇವೆರಡಕ್ಕೂ ಮೇಲೆ ನನ್ನ ಹಿತ್ತಾಳೆ ನಲ್ಲಿ! ತಾಮ್ರ ಸೋಂಕಿದರೆ ಈ ಎಣ್ಣೆ ಕೆಡುವ ವೇಗ ಎಷ್ಟೋ ಪಾಲು ಹೆಚ್ಚುತ್ತದೆ, ಹಿತ್ತಾಳೆಯೊಳಗೆ ಇರುವುದೇ ತಾಮ್ರ. ಕೆಡದಂತೆ ತಡೆಯಲು ನಾನು ಬೆರೆಸಿದ್ದ ಪುಡಿ ಈ ಮೂವರ ಜೊತೆ ಒಬ್ಬಂಟಿಯಾಗಿ ಗುದ್ದಾಡಿ ಐದು ತಿಂಗಳಿಗೆ ಸೋತಿತ್ತು. ಬಾಟಲಿಯೊಳಗೆ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ, ಹಿತ್ತಾಳೆಯೂ ಇಲ್ಲ. ಅದು ಯಾಕೆ ಕೆಡುತ್ತದೆ?

ಆಮೇಲೆ ಹಿಡಿದೆ ನೋಡಿ ಹಟ. ಹೊಸ ಎಣ್ಣೆ ಮಾಡಿಸಿ ಇಪ್ಪತ್ತೆಂಟು ಸ್ಟೀಲ್ ಕ್ಯಾನುಗಳಿಗೆ ತುಂಬಿಸಿದೆ. ಏಳು ಅರ್ಧ ಖಾಲಿ. ಏಳು ಅರ್ಧ ಖಾಲಿ, ಜೊತೆಗೆ ಒಳಗೊಂದು ಹಿತ್ತಾಳೆ ಚೂರು. ಏಳು ಕತ್ತಿನವರೆಗೆ ತುಂಬಿದವು. ಇನ್ನೇಳು ಕತ್ತಿನವರೆಗೆ ತುಂಬಿ, ಪುಡಿಯ ಪಾಲು ಹೆಚ್ಚಿಸಿದವು. ಎಲ್ಲವನ್ನೂ ಶೆಡ್ಡಿನಲ್ಲಿ ಅದೇ ಕಿಟಕಿಯ ಕೆಳಗೆ ಜೋಡಿಸಿದೆ. ತಿಂಗಳಿಗೊಮ್ಮೆ ಒಂದೊಂದು ಗುಂಪಿನಿಂದ ಒಂದೊಂದು ಕ್ಯಾನು ಬಿಚ್ಚಿ ಪರೀಕ್ಷೆ. ಗಿರಗಿಟ್ಲೆ ಶೆಡ್ಡಿನಲ್ಲಿ ಏನು ಮಾಡುತ್ತಿದ್ದಾಳೆ ಅಂತ ನೀವು ಕಾವಲುಗಾರನನ್ನು ಕೇಳಿದಿರಂತೆ, ಅವನು ಉಪ್ಪಿನಕಾಯಿ ಹಾಕುತ್ತಿದ್ದಾರೆ ಸಾರ್ ಅಂದನಂತೆ. ಹಿತ್ತಾಳೆ ಚೂರಿನ ಗುಂಪು ಎರಡನೇ ತಿಂಗಳಿಗೇ ಕೈ ಎತ್ತಿತು. ಅರ್ಧ ಖಾಲಿಯವು ನಾಲ್ಕಕ್ಕೆ. ಬರೀ ತುಂಬಿದವು ಆರರವರೆಗೆ ಬಂದು ಗಡಿಯ ಕೆಳಗೆ ಜಾರಿದವು. ಕೊನೆಯ ಗುಂಪಿನ ಕೊನೆಯ ಕ್ಯಾನೇ ಮೊನ್ನೆ ಎಂಟು ಗಂಟೆ ಹನ್ನೊಂದು ನಿಮಿಷ ನಿಂತದ್ದು. ಈಗ ಹೇಳಿ, ಕುಣಿಯಬೇಕೋ ಬೇಡವೋ?

ಹೊಸ ಪದ್ಧತಿಯನ್ನೂ ಬರೆದು ಗೋಡೆಗೆ ಅಂಟಿಸಿದ್ದೇನೆ. ಡ್ರಮ್ಮು ಇಲ್ಲ, ಚಿಕ್ಕ ಸ್ಟೀಲ್ ಕ್ಯಾನು ಮಾತ್ರ. ಬಿಚ್ಚಿದ್ದನ್ನು ಅವತ್ತೇ ಮುಗಿಸಬೇಕು. ಪರೀಕ್ಷೆಗೆ ಎಣ್ಣೆ ತೆಗೆಯುವುದು ಇಂಜಿನ್ನು ಕುಡಿಯುವ ಕ್ಯಾನಿನಿಂದ, ಫ್ರಿಜ್ಜಿನಿಂದಲ್ಲ. ನಮೂನೆಯ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೇನೆ, ವಾಸನೆ ಅಂತ. ಅದನ್ನು ತುಂಬಿ ಸಹಿ ಹಾಕುವುದು ಇಂಜಿನ್ ಓಡಿಸುವವರು. ಅವರು ಬೇಡ ಅಂದರೆ ಮಿಷನ್ನು ಏನೇ ಹೇಳಲಿ, ಕ್ಯಾನು ವಾಪಸು.

ಇಷ್ಟು ಹೊತ್ತು ಎಣ್ಣೆಯ ಮಾತಾಡಿದೆ, ಅದು ಸುಲಭ. ಈಗ ಕಷ್ಟದ್ದು. ಹನ್ನೆರಡು ನಿಮಿಷದ ಲೆಕ್ಕ ನನಗೆ ಗೊತ್ತಾಗಿ ಏಳು ತಿಂಗಳ ಮೇಲಾಯಿತು. ಅವತ್ತೇ ನಾನು ಬಂದರು ಕಚೇರಿಯ ಮೆಟ್ಟಿಲು ಹತ್ತಿ ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ಪರಿಹಾರ ಕೈಗೆ ಬರಲಿ, ಆಮೇಲೆ ತಪ್ಪು ಒಪ್ಪಿಕೊಂಡರಾಯಿತು, ಹನ್ನೊಂದು ಹೆಂಗಸರ ಕೆಲಸ ಉಳಿಯುತ್ತದೆ ಅಂತ ನನಗೆ ನಾನೇ ಪಾಠ ಹೇಳಿಕೊಂಡೆ. ಹೆದರಿದ್ದೆ ಭಾವ, ಅಷ್ಟೇ. ಒಳ್ಳೆಯ ಹೆಸರು ಹೋಗುತ್ತದಲ್ಲ ಅಂತ ಹೆದರಿದ್ದೆ.

ನಿನ್ನೆ ಚಹಾದ ಹೊತ್ತಿನಲ್ಲಿ ಹನ್ನೊಂದು ಜನರನ್ನೂ ಕೂರಿಸಿ ಎಲ್ಲ ಹೇಳಿದೆ. ಅವರ ಮೇಸ್ತ್ರಿಯನ್ನು ಬಲ್ಲಿರಲ್ಲ, ಎಡಗೈಯಲ್ಲಿ ಕತ್ತಿ ಹಿಡಿಯುವವರು. ಅವರು ಲೋಟ ಕೆಳಗಿಟ್ಟು ಕೇಳಿದರು, "ಎಂಟು ತಿಂಗಳಿಂದ ನಮ್ಮ ಹೆಸರು ಹೇಳ್ಕೊಂಡು ಸುಮ್ನೆ ಇದ್ರಾ? ನಮ್ಮನ್ನ ಒಂದು ಮಾತು ಕೇಳಿದ್ರಾ?" ಶೆಡ್ಡು ಮುಚ್ಚಿದರೆ ಮತ್ತೆ ಕತ್ತರಿಸುವ ಸಾಲಿಗೆ ಹೋಗುತ್ತೇವೆ, ಆ ಮನುಷ್ಯನಿಗೆ ಮಾತ್ರ ಹೀಗೆ ಮಾಡಬಾರದಿತ್ತು ಅಂತ ಎಲ್ಲರೂ ಒಂದೇ ಬಾಯಲ್ಲಿ ಅಂದರು. ಆಮೇಲೆ ಅವರಲ್ಲೇ ಕಿರಿಯವಳು ನನ್ನ ತಣ್ಣಗಾದ ಚಹಾ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಳು.

ಸಂಜೆ ನೀವು ಟಿಕೆಟ್ ಕಿಟಕಿಯಲ್ಲಿದ್ದಾಗ ಅಕ್ಕನ ಹತ್ತಿರ ಹೋದೆ. ವಿಚಾರಣೆಯ ದಿನ ರಾತ್ರಿ ಅಕ್ಕ ನನ್ನನ್ನು ಕೇಳಿದ್ದಳು, ಅವರು ಫಿಲ್ಟರ್ ಮರೆಯುವುದು ಅಂದರೆ ಹೇಗೆ ಅಂತ. ಯಾರಿಗಾದರೂ ಮರೆವು ಬರುತ್ತೆ ಬಿಡೇ ಅಂದಿದ್ದೆ. ಅದನ್ನು ಅವಳು ನಂಬಿದ್ದಳು ಭಾವ. ನಿಮ್ಮ ತಂದೆ ಕೊನೆಕೊನೆಗೆ ಮನೆಯವರ ಗುರುತು ಹಿಡಿಯದೇ ಹೋದದ್ದನ್ನು ಕಂಡವಳು ಅವಳು. ನಿಮಗೂ ಅದೇ ಶುರುವಾಯಿತು ಅಂತ ಎಂಟು ತಿಂಗಳು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಬೆಂದಿದ್ದಾಳೆ. ಗ್ಯಾಸ್ ಆರಿಸಿದಿರಾ, ಬೀಗ ಹಾಕಿದಿರಾ ಅಂತ ನಿಮ್ಮ ಹಿಂದೆ ಹಿಂದೆ ನಡೆದಿದ್ದು ಅದಕ್ಕೆ. ಮಗಳ ಹುಟ್ಟಿದ ತಾರೀಕು ಯಾವುದು ಅಂತ ನೆಪ ತೆಗೆದು ಕೇಳಿದ್ದು ಅದಕ್ಕೆ. ಹೋದ ತಿಂಗಳು ಕಣ್ಣು ತೋರಿಸಬೇಕು ಅಂತ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳಲ್ಲ, ಅದು ಕಣ್ಣಿನ ಡಾಕ್ಟರಲ್ಲ, ಮರೆವಿನ ಡಾಕ್ಟರು. ಆತ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದಾಗ, ಕಣ್ಣಿಗೂ ಇದಕ್ಕೂ ಏನು ಸಂಬಂಧ ಅಂತ ನೀವು ಮನೆಗೆ ಬಂದು ಮೂರು ದಿನ ನಕ್ಕಿದ್ದಿರಿ.

ನಾನು ಎಲ್ಲ ಹೇಳಿ ಮುಗಿಸಿದೆ. ಅಕ್ಕ ಒಲೆ ಆರಿಸಿ ನೆಲದ ಮೇಲೆ ಕೂತಳು. ಹೊಡೆಯುತ್ತಾಳೇನೋ, ಹೊಡೆಯಲಿ ಅಂತ ನಾನೂ ಎದುರಿಗೆ ಕೂತೆ. "ಹಾಗಾದ್ರೆ ಅವರು ಮರೆತಿರಲಿಲ್ಲ," ಅಂದಳು. ಅದನ್ನೇ ಇನ್ನೊಂದು ಸಲ ಅಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಮಧ್ಯೆ ನಕ್ಕಳು, ಮತ್ತೆ ಅತ್ತಳು. ನನ್ನನ್ನು ಬೈಯುವುದು ಅವಳಿಗೆ ನೆನಪಾದದ್ದು ಅರ್ಧ ಗಂಟೆ ಬಿಟ್ಟು. ಆಗ ಬೈದಳು ನೋಡಿ, ನನ್ನ ಜನ್ಮದಲ್ಲಿ ಅಷ್ಟು ಬೈಸಿಕೊಂಡಿಲ್ಲ. ಒಂದೊಂದು ಮಾತಿಗೂ ನಾನು ಹೂಂ ಅಂದೆ. ನಿಮ್ಮ ಮೌನಕ್ಕೂ ಒಂದಿಷ್ಟು ಬಾಕಿ ಇಟ್ಟುಕೊಂಡಿದ್ದಾಳೆ, ಪತ್ರ ಮುಗಿದ ಮೇಲೆ ಸಿಗುತ್ತದೆ.

ಇವತ್ತು ಬೆಳಿಗ್ಗೆ ಬಂದರು ಅಧಿಕಾರಿಗೆ ನನ್ನ ಹೇಳಿಕೆ ಬರೆದುಕೊಟ್ಟೆ. ಡ್ರಮ್ಮು, ನಲ್ಲಿ, ಕಿಟಕಿ, ಬಾಟಲಿ, ನಿಮ್ಮ ಫೋನು, ನನ್ನ ನಗು, ಎಲ್ಲ ಬರೆದೆ. ಫಿಲ್ಟರ್ ಒಂಬತ್ತು ದಿನ ಮೊದಲೇ ಬದಲಾಗಿತ್ತು, ನಾನು ಕಣ್ಣಾರೆ ಕಂಡಿದ್ದೇನೆ, ತಿಳಿದೂ ಸುಮ್ಮನಿದ್ದೆ ಅಂತ ಬರೆದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು, ಇದನ್ನು ಕಾರ್ಖಾನೆಯವರು ಓದಿದರೆ ನಿಮ್ಮ ಕೆಲಸದ ಗತಿ ಏನು, ಯೋಚಿಸಿದ್ದೀರಾ ಅಂದರು. ಒಂದು ಪ್ರತಿ ಆಗಲೇ ಮ್ಯಾನೇಜರ ಮೇಜಿನ ಮೇಲಿದೆ ಸಾರ್ ಅಂದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಪರೀಕ್ಷೆಯ ಹಾಳೆಗಳನ್ನೂ ಕೊಟ್ಟೆ. ಅವರು ತಿರುವಿ ನೋಡಿ, ಎಣ್ಣೆ ಚೆನ್ನಾಗಿರಬಹುದು, ಆದರೆ ಈ ಸಲ ಇದನ್ನು ಹಾಕಿಕೊಂಡು ಲಾಂಚು ಓಡಿಸುವ ಧೈರ್ಯ ಯಾರಿಗಿದೆ ಅಂತ ಕೇಳಿದರು. ನಿಮ್ಮ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ನಿಮ್ಮನ್ನು ಕೇಳದೆ ನಿಮ್ಮ ಪರವಾಗಿ ಇನ್ನೊಂದು ಸಲ ತೀರ್ಮಾನ ಮಾಡುವುದಿಲ್ಲ. ನೀವು ಓಡಿಸುವುದಾದರೆ ಆ ದಿನ ಮೊದಲ ಸೀಟಿನಲ್ಲಿ ನಾನು ಕೂತಿರುತ್ತೇನೆ, ಈಜು ಬಾರದವಳು. ಇಲ್ಲ ಅಂದರೆ ಅದಕ್ಕೂ ನಿಮಗೆ ಹಕ್ಕಿದೆ, ನನಗೆ ಬೇಸರವಿಲ್ಲ.

ಗುರುವಾರ ಹತ್ತು ಗಂಟೆಗೆ ವಿಚಾರಣೆ ಮತ್ತೆ ನಡೆಯುತ್ತದೆ. ಅದೇ ಕೋಣೆ, ಅದೇ ಎರಡು ಕುರ್ಚಿ. ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತ ಅಧಿಕಾರಿ ಮತ್ತೆ ಕೇಳುತ್ತಾರೆ. ಅಕ್ಕನೂ ಬರುತ್ತಾಳೆ, ಬಾಗಿಲ ಹತ್ತಿರ ಕೂರುತ್ತಾಳೆ. ಅವಳ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ, ತಾರೀಕಿನ ಸಮೇತ ಹೇಳಿಬಿಡಿ ಭಾವ. ನನ್ನ ಕಡೆ ನೋಡಬೇಡಿ.

ನೂರು ಕಾಲ ಸುಖವಾಗಿರಿ, ನಿಮ್ಮ ಕೈಗೆ ಬಲವಿರಲಿ. ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳುವ ಮುಖ ಇವತ್ತು ನನಗಿಲ್ಲ. ಗುರುವಾರ ದಾಟಲಿ, ಮನೆಗೇ ಬಂದು ಕೇಳುತ್ತೇನೆ.

ನಿಮ್ಮ ನಾದಿನಿ